ಹುಳ ಎಣಿಸಿದರೆ ಸಾಲದು, ಎಷ್ಟು ಆಳದಲ್ಲಿವೆ ನೋಡಬೇಕು

ಅಕ್ಟೋಬರ್ ಮೊದಲ ವಾರ. ಸಮುದ್ರತಳದ ಕೆಸರಲ್ಲಿ ಬದುಕುವ ಹುಳಗಳನ್ನು ನೋಡಲು ಮಲ್ಪೆಯಿಂದ ಹೊರಟು 25 ಮೀಟರ್ ಆಳದಲ್ಲಿ ಬೋಟು ನಿಲ್ಲಿಸಿದ್ದೆವು. ತಳದ ನೀರನ್ನು ಗುಳ್ಳೆ ಬರದಂತೆ ಬಾಟಲಿಗೆ ತುಂಬಿ, ನೀರಲ್ಲಿ ಕರಗಿದ ಆಮ್ಲಜನಕ ಅಳೆಯುವ ವಿಂಕ್ಲರ್ ದ್ರಾವಣಗಳನ್ನು ಹಾಕಿದೆ. ಆಮ್ಲಜನಕ ಇದ್ದರೆ ಕಂದು ಗಸಿ ಕೂರುತ್ತದೆ. ಆ ದಿನ ಕೂತದ್ದು ಹೆಚ್ಚುಕಡಿಮೆ ಬಿಳಿ. ತಳದ ಕೆಸರು ಬಾಚಿ ತರುವ ಗ್ರ್ಯಾಬ್‌ನಲ್ಲಿ ಬಂದ ಕೆಸರು ಕಪ್ಪಗಿತ್ತು, ಕೊಳೆತ ಮೊಟ್ಟೆಯ ವಾಸನೆ.

ಮಳೆಗಾಲದಲ್ಲಿ ಆಳದ ತಣ್ಣನೆಯ, ಆಮ್ಲಜನಕ ಕಡಿಮೆ ಇರುವ ನೀರು ನಮ್ಮ ಕರಾವಳಿಯ ಕಡೆಗೆ ಏರಿ ಬರುತ್ತದೆ. ಮೇಲೆ ಮಳೆ, ಹೊಳೆಗಳ ಸಿಹಿನೀರು ಮುಚ್ಚಳದ ಹಾಗೆ ಕೂತಿರುತ್ತದೆ. ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗಿಳಿದರೆ ತಳದ ಜೀವಿಗಳಿಗೆ ಕಷ್ಟ ಶುರು. ಡಿಸೆಂಬರ್ ಹೊತ್ತಿಗೆ ನೀರು ಸರಿಯಾಗುತ್ತದೆ. ಆದರೆ ಕೆಸರು?

ನಮ್ಮ ಬೋಟು ನಡೆಸುವ ತಾಂಡೇಲರು ಕೇಳಿದ್ದರು, "ಈ ಹುಳ ಎಣಿಸಿ ಏನು ಸಿಗ್ತದೆ ಮಾರಾಯ್ರೆ?" "ನಿಮ್ಮ ಬಲೆಗೆ ಬೀಳುವ ನಂಗ್ ಮೀನು ತಿನ್ನೋದು ಇದನ್ನೇ ಅಲ್ವಾ ಅಣ್ಣ" ಎಂದೆ. ಆಮೇಲೆ ಅವರೇ ಹಗ್ಗ ಹಿಡಿದು ಗ್ರ್ಯಾಬ್ ಇಳಿಸತೊಡಗಿದರು.

ಮೊದಲ ವರ್ಷ ನಾನು ತಪ್ಪು ಮಾಡಿದೆ. ಜನವರಿಯ ಮಾದರಿಯಲ್ಲಿ ಹುಳಗಳು ರಾಶಿ ರಾಶಿ ಇದ್ದವು. ತಳ ಚೇತರಿಸಿಕೊಂಡಿದೆ ಎಂದು ಬರೆದುಬಿಟ್ಟೆ. ಸೂಕ್ಷ್ಮದರ್ಶಕದಲ್ಲಿ ನಿಧಾನವಾಗಿ ನೋಡಿದಾಗ ಗೊತ್ತಾಯಿತು: ಬಹುಪಾಲು ದಾರದಷ್ಟು ಸಣ್ಣ ಸ್ಪಯೋನಿಡ್ ಹುಳಗಳು. ಇವುಗಳ ಮರಿಗಳು ನೀರಲ್ಲಿ ತೇಲಿ ಬಂದು ಬೇಗ ನೆಲೆ ಹಿಡಿಯುತ್ತವೆ, ಬೇಗ ಬೆಳೆಯುತ್ತವೆ. ಮೊದಲು ಇಂಥ ಸಣ್ಣವು, ಆಮೇಲೆ ದೊಡ್ಡ, ಆಳಕ್ಕೆ ಬಿಲ ತೋಡುವ ಹುಳಗಳು ಎಂಬ ಕ್ರಮವನ್ನು ಸಮುದ್ರ ಜೀವವಿಜ್ಞಾನಿಗಳಾದ ಪಿಯರ್ಸನ್ ಮತ್ತು ರೋಸೆನ್‌ಬರ್ಗ್ 1978ರಲ್ಲೇ ವಿವರಿಸಿದ್ದಾರೆ. ಓದಿದ್ದೆ, ಆದರೂ ಸಂಖ್ಯೆ ನೋಡಿ ಮೋಸಹೋದೆ.

ಅಂದಿನಿಂದ, ಹುಳಗಳು ಕೆಸರಿನ ಎಷ್ಟು ಆಳದಲ್ಲಿವೆ ಎಂದು ತಿಳಿಯಲು ವಿಧಾನ ಬದಲಾಯಿಸಿದೆ. ಗ್ರ್ಯಾಬ್ ಮೇಲೆ ಬಂದ ಕೂಡಲೇ ಮೇಲಿನ ಮುಚ್ಚಳ ತೆಗೆದು, ಕೆಸರು ಕದಡುವ ಮೊದಲೇ ಪಿವಿಸಿ ಪೈಪ್ ಒತ್ತುತ್ತೇನೆ. ಅದನ್ನು 2 ಸೆಂಟಿಮೀಟರಿಗೊಂದರಂತೆ ಕತ್ತರಿಸಿ, ಪ್ರತಿ ತುಂಡನ್ನೂ ಬೇರೆಯಾಗಿಯೇ ಅರ್ಧ ಮಿಲಿಮೀಟರ್ ಜರಡಿಯಲ್ಲಿ ತೊಳೆಯುತ್ತೇನೆ. ನೀರನ್ನು ಜೋರಾಗಿ ಬಿಡಬಾರದು, ಹುಳ ತುಂಡಾಗುತ್ತದೆ. ತುಂಡಾದರೆ ತಲೆಯನ್ನು ಮಾತ್ರ ಎಣಿಸಬೇಕು. ಎಣಿಕೆಯ ಜೊತೆ ತೂಕವನ್ನೂ ಬರೆಯುತ್ತೇನೆ. ಮಾದರಿಯ ಚೀಟಿಯನ್ನು ಪೆನ್ಸಿಲ್‌ನಲ್ಲೇ ಬರೆಯಿರಿ, ಹುಳ ಕೆಡದಂತೆ ಇಡುವ ಸ್ಪಿರಿಟ್‌ನಲ್ಲಿ ಪೆನ್ನಿನ ಶಾಯಿ ಉಳಿಯುವುದಿಲ್ಲ.

ನನಗೆ ಜಾಸ್ತಿ ತಲೆನೋವಾದದ್ದು ಟ್ರಾಲಿಂಗ್. ಜೂನ್, ಜುಲೈ ನಿಷೇಧ ಮುಗಿದು ಆಗಸ್ಟ್‌ನಲ್ಲಿ ಬಲೆಗಳು ತಳ ಕೆದಕಲು ಶುರು ಮಾಡುತ್ತವೆ, ಅದರ ಬೆನ್ನಿಗೇ ಉಸಿರಿಲ್ಲದ ನೀರು. ಯಾವುದರ ಪೆಟ್ಟು ಯಾವುದು? ಅದಕ್ಕೇ ಅಷ್ಟೇ ಆಳದಲ್ಲಿ, ಕಲ್ಲುಗಳಿರುವುದರಿಂದ ಬಲೆ ಹಾಕದ ಇನ್ನೊಂದು ಜಾಗವನ್ನೂ ಸೇರಿಸಿಕೊಂಡೆ. ಅಲ್ಲೂ ಅಕ್ಟೋಬರ್‌ನಲ್ಲಿ ಹುಳಗಳು ಸತ್ತವು, ಆದರೆ ಆಳದ ತುಂಡುಗಳಲ್ಲಿ ಜೀವ ಬೇಗ ಮರಳಿತು.

ಆಮೇಲೆ ಎರಡು ವರ್ಷ ತಳದ ನೀರು ಅಷ್ಟು ಕೆಡಲಿಲ್ಲ. ಮೂರನೆಯ ಜನವರಿಯಲ್ಲಿ, ಕಲ್ಲಿನ ಪಕ್ಕದ ಮಾದರಿಯ ಕೊನೆಯ ತುಂಡಿನಲ್ಲಿ ಕೆಸರು ಮೆತ್ತಿದ ಒಂದು ನಳಿಕೆ ಸಿಕ್ಕಿತು. ಒಳಗೆ ಬಿದಿರಿನ ಗಣ್ಣುಗಳಂಥ ಮೈಯ ಮಾಲ್ಡಾನಿಡ್ ಹುಳ, ತಲೆ ಕೆಳಗಾಗಿ. ನಳಿಕೆಯ ಸುತ್ತ ಕಪ್ಪು ಕೆಸರಿನ ನಡುವೆ ತೆಳುವಾದ ಕಂದು ಪಟ್ಟಿ. ಹುಳ ಮೇಲಿನ ಆಮ್ಲಜನಕವಿರುವ ನೀರನ್ನು ಕೆಳಗೆ ಎಳೆದುಕೊಳ್ಳುತ್ತಿತ್ತು. ತಾಂಡೇಲರನ್ನು ಕರೆದು ತೋರಿಸಿದೆ.