ವೇಪ್‌ಗೆ ಬ್ಯಾಟರಿ ಕೊಳ್ಳುವಾಗ ಮೊದಲು ನೋಡಬೇಕಾದ್ದು ಆಂಪಿಯರ್

ಬ್ಯಾಟರಿ ಬದಲಾಯಿಸಬಹುದಾದ ವೇಪ್‌ಗಳಲ್ಲಿ, ಅಂದರೆ ಇ-ಸಿಗರೇಟ್‌ಗಳಲ್ಲಿ, ಹೆಚ್ಚಾಗಿ ಬಳಕೆಯಾಗುವುದು 18650 ಅಥವಾ 21700 ಲಿಥಿಯಂ ಅಯಾನ್ ಸೆಲ್. ಹೆಸರಲ್ಲೇ ಅಳತೆ ಇದೆ: ಮೊದಲನೆಯದು 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ, ಎರಡನೆಯದು 21 ಮತ್ತು 70. ಒಂದು ಮಾತು ಮೊದಲೇ ತಿಳಿದಿರಲಿ. ಎಲ್‌ಜಿ, ಸ್ಯಾಮ್‌ಸಂಗ್‌ನಂಥ ತಯಾರಕರು ಈ ಸೆಲ್‌ಗಳನ್ನು ರಕ್ಷಣಾ ಸರ್ಕ್ಯೂಟ್ ಇರುವ ಪ್ಯಾಕ್‌ಗಳಿಗೆಂದೇ ಮಾಡುತ್ತಾರೆ. ಬಿಡಿಯಾಗಿ ವೇಪ್‌ಗೆ ಬಳಸಬೇಡಿ ಎಂದೇ ಹೇಳುತ್ತಾರೆ. ಹಾಗಾಗಿ ಬಳಸುವವರು ಎಚ್ಚರಿಕೆಯನ್ನೂ ತಾವೇ ವಹಿಸಬೇಕು.

ಬಹಳ ಜನ ಎಂಎಎಚ್ (ಮಿಲಿಆಂಪಿಯರ್-ಅವರ್, ಸೆಲ್‌ನ ಸಾಮರ್ಥ್ಯ) ನೋಡಿ ಸೆಲ್ ಆರಿಸುತ್ತಾರೆ. ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ಹೊತ್ತು ಬರುತ್ತದೆ ಎಂಬುದಷ್ಟೇ ಅದರಿಂದ ತಿಳಿಯುತ್ತದೆ. ಅತಿಯಾಗಿ ಬಿಸಿಯಾಗದೆ ಸೆಲ್ ನಿರಂತರವಾಗಿ ಎಷ್ಟು ಆಂಪಿಯರ್ ಕೊಡಬಲ್ಲದು ಎಂಬುದು ಬೇರೆಯೇ ಅಂಕಿ. ಅದಕ್ಕೆ ಸಿಡಿಆರ್ (ಕಂಟಿನ್ಯುಯಸ್ ಡಿಸ್ಚಾರ್ಜ್ ರೇಟಿಂಗ್) ಎನ್ನುತ್ತಾರೆ, ಸುರಕ್ಷತೆಗೆ ಬೇಕಾದದ್ದು ಅದೇ. ಹೊದಿಕೆಯ ಮೇಲೆ ದಪ್ಪಕ್ಷರದಲ್ಲಿ ಹಾಕುವ ‘ಪಲ್ಸ್’ ಆಂಪಿಯರ್, ಅಂದರೆ ಕ್ಷಣಕಾಲ ಮಾತ್ರ ಕೊಡಬಲ್ಲ ಆಂಪಿಯರ್, ನಂಬಬೇಡಿ. ಎಷ್ಟು ಸೆಕೆಂಡಿನ ಪಲ್ಸ್ ಎಂಬುದಕ್ಕೆ ಕಟ್ಟುಪಾಡಿಲ್ಲದ್ದರಿಂದ ಯಾವ ಸೆಲ್‌ಗೆ ಎಷ್ಟು ಬೇಕಾದರೂ ಬರೆದುಕೊಳ್ಳಬಹುದು.

ನಿಮಗೆ ಎಷ್ಟು ಆಂಪಿಯರ್ ಬೇಕು? ವ್ಯಾಟ್ ಹೊಂದಿಸುವ ಮಾಡ್ (ಬ್ಯಾಟರಿ ಕೂರುವ ವೇಪ್‌ನ ಭಾಗ) ಆಗಿದ್ದರೆ ಕಾಯಿಲ್‌ನ, ಅಂದರೆ ಬಿಸಿಯಾಗುವ ತಂತಿ ಸುರುಳಿಯ, ಓಮ್ ಲೆಕ್ಕಕ್ಕೆ ಬರುವುದಿಲ್ಲ. ವ್ಯಾಟನ್ನು ಸೆಲ್‌ಗಳ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಮಾಡ್ ಆಫ್ ಆಗುವ ವೋಲ್ಟೇಜಿನಿಂದ, ಅಂದಾಜು 3.2ರಿಂದ, ಭಾಗಿಸಿ, ಸರ್ಕ್ಯೂಟ್‌ನಲ್ಲಿ ಆಗುವ ನಷ್ಟಕ್ಕಾಗಿ ಮತ್ತೆ 0.9ರಿಂದ ಭಾಗಿಸಿ. ಒಂದೇ ಸೆಲ್‌ನಲ್ಲಿ 60 ವ್ಯಾಟ್ ಎಂದರೆ ಸುಮಾರು 21 ಆಂಪಿಯರ್. 20 ಆಂಪಿಯರ್ ಸೆಲ್‌ಗೆ ಇದು ಮಿತಿ ಮೀರಿದ್ದು. ಅದೇ 60 ವ್ಯಾಟ್ ಎರಡು ಸೆಲ್‌ಗೆ ಹಂಚಿದರೆ ತಲಾ ಹತ್ತೂವರೆ ಆಂಪಿಯರ್ ಆಗುತ್ತದೆ, ನಿರಾತಂಕ. ಚಾರ್ಜ್ ಇಳಿಯುತ್ತಾ ಹೋದಂತೆ ಮಾಡ್ ಹೆಚ್ಚು ಆಂಪಿಯರ್ ಎಳೆಯುವುದರಿಂದಲೇ ಇಲ್ಲಿ ಕಡಿಮೆ ವೋಲ್ಟೇಜ್ ಹಿಡಿಯುವುದು. ಸೆಲ್ ನೇರವಾಗಿ ಕಾಯಿಲ್‌ಗೆ ತಾಗುವ ಮೆಕ್ಯಾನಿಕಲ್ ಮಾಡ್‌ನಲ್ಲಿ ಲೆಕ್ಕ ತಿರುವುಮುರುವು: 4.2 ವೋಲ್ಟನ್ನು ಓಮ್‌ನಿಂದ ಭಾಗಿಸಬೇಕು. 0.15 ಓಮ್ ಕಾಯಿಲ್ 28 ಆಂಪಿಯರ್ ಎಳೆಯುತ್ತದೆ, ತಡೆಯಲು ಒಳಗೆ ಯಾವ ಸರ್ಕ್ಯೂಟೂ ಇರುವುದಿಲ್ಲ. ಹೊಸಬರು ಅದರ ತಂಟೆಗೆ ಹೋಗದಿರುವುದೇ ಒಳ್ಳೆಯದು.

18650ರಲ್ಲಿ ಎಂಎಎಚ್ ಮತ್ತು ಆಂಪಿಯರ್ ಎರಡೂ ಹೆಚ್ಚು ಸಿಗುವುದಿಲ್ಲ. ಸ್ಯಾಮ್‌ಸಂಗ್ 25ಆರ್ 2500 ಎಂಎಎಚ್, 20 ಆಂಪಿಯರ್. 30ಕ್ಯೂ 3000 ಎಂಎಎಚ್, ಆದರೆ 15 ಆಂಪಿಯರ್. 9900 ಎಂಎಎಚ್ ಎಂದು ಬರೆದ ಸೆಲ್ ಖಂಡಿತ ಸುಳ್ಳು. ತೂಗಿ ನೋಡಿ: ಅಸಲಿ ಸೆಲ್ ಸಾಮಾನ್ಯವಾಗಿ 45ರಿಂದ 50 ಗ್ರಾಂ ಇರುತ್ತದೆ. ತೀರಾ ಹಗುರವಿದ್ದರೆ ವಾಪಸ್ ಕೊಡಿ. ತೂಕ ಸರಿಯಿದ್ದ ಮಾತ್ರಕ್ಕೆ ಅಸಲಿ ಎಂದೂ ಅಲ್ಲ. ಹಳೆಯ ಲ್ಯಾಪ್‌ಟಾಪ್ ಪ್ಯಾಕ್ ಬಿಚ್ಚಿ ತೆಗೆದ ಸೆಲ್‌ಗೆ ಹೊಸ ಹೊದಿಕೆ ಹಾಕಿಯೂ ಮಾರುತ್ತಾರೆ.

ಇನ್ನು ಹೊದಿಕೆ. ಧನ ತುದಿಯ ಗುಂಡಿಯನ್ನು ಬಿಟ್ಟರೆ ಸೆಲ್‌ನ ಇಡೀ ಲೋಹದ ಡಬ್ಬಿ, ಮೇಲಿನ ಅಂಚಿನವರೆಗೂ, ಋಣ ತುದಿಯೇ. ಎರಡರ ನಡುವೆ ಇರುವುದು ಒಂದು ತೆಳು ಉಂಗುರ ಮತ್ತು ಪ್ಲಾಸ್ಟಿಕ್ ಹೊದಿಕೆ. ಅಲ್ಲಿ ಉಗುರಿನಷ್ಟು ಹರಿದರೂ ಮಾಡ್‌ನ ಲೋಹ ತಾಗಿ ಶಾರ್ಟ್ ಆಗಬಹುದು. ಪ್ರತಿ ಸಲ ಹಾಕುವ ಮುನ್ನ ಆ ಅಂಚನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ. ಹರಿದಿದ್ದರೆ ಉಂಗುರ ಸಮೇತ ಹೊಸ ಹೊದಿಕೆ ಹಾಕಿ. ಡಬ್ಬಿ ತಗ್ಗಾಗಿದ್ದರೆ ರಿಪೇರಿಯ ಮಾತಿಲ್ಲ, ಬಿಟ್ಟುಬಿಡಿ. ಬಿಡಿ ಸೆಲ್ ಜೇಬಿಗೆ ಹಾಕಲೇಬೇಡಿ; ಕೀಲಿ, ನಾಣ್ಯ ತಾಗಿ ಜೇಬಲ್ಲೇ ಹೊತ್ತಿಕೊಂಡ ಪ್ರಕರಣಗಳಿವೆ. ಪ್ಲಾಸ್ಟಿಕ್ ಡಬ್ಬಿ ಬೇಕೇ ಬೇಕು.

ಎರಡು ಸೆಲ್‌ನ ಮಾಡ್‌ಗೆ ಒಂದೇ ಮಾದರಿಯ ಎರಡನ್ನು ಒಟ್ಟಿಗೆ ಕೊಂಡು, ಗುರುತು ಹಾಕಿ, ಒಟ್ಟಿಗೇ ಬಳಸಿ, ಒಟ್ಟಿಗೇ ಚಾರ್ಜ್ ಮಾಡಿ. ಹಳೆಯದರ ಜೊತೆ ಹೊಸದನ್ನು ಹಾಕಿದರೆ ದುರ್ಬಲವಾದದ್ದು ಮಿತಿಗಿಂತ ಕೆಳಗೆ ಇಳಿದು ಕೆಡುತ್ತದೆ. ಚಾರ್ಜಿಂಗ್‌ಗೆ ಪ್ರತ್ಯೇಕ ಚಾರ್ಜರ್ ಮೇಲು: 1 ಆಂಪಿಯರ್ ಸಾಕು, 4.2 ವೋಲ್ಟ್‌ಗೆ ನಿಲ್ಲಬೇಕು, ನೀವು ಎಚ್ಚರವಾಗಿ ಹತ್ತಿರದಲ್ಲಿರಬೇಕು. 2.5 ವೋಲ್ಟ್‌ಗಿಂತ ಕೆಳಗಿಳಿದ ಅಥವಾ ಚಾರ್ಜ್ ಆಗುವಾಗ ಕೈಸುಡುವಷ್ಟು ಬಿಸಿಯಾಗುವ ಸೆಲ್ ಮತ್ತೆ ಬಳಕೆಗೆ ಬೇಡ. ಅದರ ಎರಡೂ ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಮನೆಯ ಕಸಕ್ಕೆ ಹಾಕದೆ, ಬ್ಯಾಟರಿ ಸಂಗ್ರಹಿಸುವ ಇ-ತ್ಯಾಜ್ಯ ಕೇಂದ್ರಕ್ಕೆ ಕೊಡಿ.