ಬೆರಳಿಗೆ ಆಕ್ಸಿಮೀಟರ್: ಸರಿಯಾದ ಅಂಕಿ ಪಡೆಯುವುದು ಹೇಗೆ?

ರಕ್ತದಲ್ಲಿನ ಆಮ್ಲಜನಕದ ಮಟ್ಟ ಅಳೆಯಲೆಂದು ಕೋವಿಡ್ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ ಎಷ್ಟೋ ಮನೆಗಳ ಔಷಧಿ ಡಬ್ಬಿಯಲ್ಲಿ ಇಂದಿಗೂ ಇದೆ. ಆಸ್ತಮಾ, ಸಿಒಪಿಡಿ (ಉಸಿರಾಟಕ್ಕೆ ಅಡ್ಡಿಯಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇರುವವರ ಮನೆಯಲ್ಲಿ ಅದು ಉಪಯೋಗಕ್ಕೆ ಬರುವ ಸಾಧನ. ಆದರೆ ಬೆರಳು ಇಟ್ಟೊಡನೆ ಮೂಡುವ ಅಂಕಿಯನ್ನು ನಂಬಬೇಡಿ.

ಮೊದಲು ನೇಲ್ ಪಾಲಿಶ್ ಅಳಿಸಿ. ಮೆಹಂದಿ ಗಾಢವಾಗಿ ಹತ್ತಿದ ಬೆರಳು ಬೇಡ. ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗಾಗಿಸಿ, ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ತೋರುಬೆರಳನ್ನೋ ನಡುಬೆರಳನ್ನೋ ಉಗುರು ಮೇಲಾಗಿ, ತುದಿ ತಾಗುವಷ್ಟು ಒಳಗಿಡಿ. ಕೈ ಅಲುಗದಿರಲಿ, ಬಿಸಿಲು ಬೀಳದಿರಲಿ. ಅಂಕಿ ಒಂದು ನಿಮಿಷ ನೆಲೆ ನಿಂತ ಮೇಲೆ ಹೊತ್ತಿನೊಂದಿಗೆ ಬರೆದುಕೊಳ್ಳಿ.

ಇಷ್ಟೆಲ್ಲ ಏಕೆ? ಸಾಧನದಿಂದ ಸುಮಾರು 660 ನ್ಯಾನೋಮೀಟರ್ ತರಂಗಾಂತರದ ಕೆಂಪು ಬೆಳಕು, 940ರ, ಕಣ್ಣಿಗೆ ಕಾಣದ ಅವಗೆಂಪು (ಇನ್‌ಫ್ರಾರೆಡ್) ಬೆಳಕು ಬೆರಳನ್ನು ಹಾಯುತ್ತವೆ. ರಕ್ತದಲ್ಲಿ ಆಮ್ಲಜನಕ ಸಾಗಿಸುವುದು ಹಿಮೋಗ್ಲೋಬಿನ್. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಅವಗೆಂಪನ್ನು ಹೆಚ್ಚು ಹೀರಿದರೆ, ಆಮ್ಲಜನಕ ಬಿಟ್ಟುಕೊಟ್ಟದ್ದು ಕೆಂಪನ್ನು ಹೆಚ್ಚು ಹೀರುತ್ತದೆ. ಚರ್ಮ, ಮೂಳೆಗಳೂ ಬೆಳಕು ಹೀರುತ್ತವೆ ನಿಜ. ಆದರೆ ನಾಡಿಯೊಂದಿಗೆ ಏರಿಳಿಯುವುದು ಅಪಧಮನಿಯ ರಕ್ತ ಮಾತ್ರ. ಆ ಏರಿಳಿತವನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಸಾಕೆಂದು 1970ರ ದಶಕದಲ್ಲಿ ಕಂಡುಕೊಂಡವರು ಜಪಾನಿನ ಎಂಜಿನಿಯರ್ ತಕುವೊ ಅಓಯಾಗಿ. ಸೂಜಿ ಚುಚ್ಚದೆ ಆಮ್ಲಜನಕ ಅಳೆಯುವ ಈ ಉಪಾಯಕ್ಕೆ ಎಷ್ಟು ಕೃತಜ್ಞರಾದರೂ ಕಡಿಮೆಯೇ. ತಣ್ಣನೆಯ ಬೆರಳಿನಲ್ಲಿ ನಾಡಿ ಕ್ಷೀಣ, ಹಾಗಾಗಿ ಲೆಕ್ಕವೂ ತಪ್ಪುತ್ತದೆ.

ಇನ್ನು ಬೆರಳಿನ ಆಕ್ಸಿಮೀಟರ್‌ಗೆ ಎಟುಕದ, ದೇಹದ ಆಳದ ರಕ್ತನಾಳ. ಅಲ್ಲಿಗೆ ಹೋದ ಬೆಳಕು ದಾರಿಯಲ್ಲೇ ಚದುರಿಬಿಡುತ್ತದೆ, ಶಬ್ದ ಅಷ್ಟು ಚದುರುವುದಿಲ್ಲ. ಲೇಸರ್‌ನ ಕ್ಷಣಾರ್ಧದ ಮಿಂಚು ಬಿದ್ದಾಗ ರಕ್ತ ಒಂದು ಡಿಗ್ರಿಗಿಂತಲೂ ಬಹಳ ಕಡಿಮೆ ಬಿಸಿಯಾಗಿ, ಹಿಗ್ಗಿ, ಕಿವಿಗೆ ಕೇಳದ ಅಲ್ಟ್ರಾಸೌಂಡ್ ತರಂಗ ಹೊರಡಿಸುತ್ತದೆ. ಬೆಳಕು ಶಬ್ದವಾಗುವ ಈ ಗುಣವನ್ನು ಅಲೆಕ್ಸಾಂಡರ್ ಗ್ರಹಾಂ ಬೆಲ್ 1880ರಲ್ಲೇ ಗಮನಿಸಿದ್ದರು. ಬೇರೆ ಬೇರೆ ತರಂಗಾಂತರದ ಲೇಸರ್ ಬಿಟ್ಟು, ಚರ್ಮದ ಮೇಲಿಟ್ಟ ಸಂವೇದಕದಿಂದ ಆ ಸದ್ದುಗಳನ್ನು ಹೋಲಿಸಿದರೆ ಆಮ್ಲಜನಕದ ಪ್ರಮಾಣ ಸಿಗುತ್ತದೆ. ಮೆದುಳಿನಿಂದ ಮರಳುವ ರಕ್ತ ಹರಿಯುವ ಕತ್ತಿನ ಅಭಿಧಮನಿಯನ್ನು ಹೀಗೆ ಅಳೆಯುವ ಸಂಶೋಧನೆ ನಡೆದಿದೆ. ಇಂದು ಅದಕ್ಕೆ ನಾಳದೊಳಗೆ ಕ್ಯಾತಿಟರ್ ಎಂಬ ತೆಳು ಕೊಳವೆ ಇಳಿಸಬೇಕು. ಐಸಿಯುನಲ್ಲಿರುವವರಿಗೆ ಆ ನೋವು, ಸೋಂಕಿನ ಭಯ ತಪ್ಪಿದರೆ ಅದಕ್ಕಿಂತ ಬೇಕಾದದ್ದೇನು?

ಮನೆಯ ಅಳತೆಗೆ ಮರಳಿದರೆ, ಸಾಮಾನ್ಯವಾಗಿ ಶೇಕಡಾ 95ರಿಂದ 100 ಸರಿಯಾದ ಮಟ್ಟ. ಸಿಒಪಿಡಿ ಇರುವವರಿಗೆ ವೈದ್ಯರು ಬೇರೆ ಮಟ್ಟ ಹೇಳಿರಬಹುದು, ಕೇಳಿಟ್ಟುಕೊಳ್ಳಿ. ಕಪ್ಪು ಮೈಬಣ್ಣದವರಲ್ಲಿ ಸಾಧನ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಸೇವಿಸಿದವರಲ್ಲೂ ಅಂಕಿ ಚೆನ್ನಾಗಿಯೇ ಕಾಣುತ್ತದೆ. ಆದ್ದರಿಂದ ಏದುಸಿರು, ತುಟಿ ನೀಲಿಯಾಗುವುದು, ಗೊಂದಲದ ಮಾತು ಕಂಡರೆ ಪರದೆಯಲ್ಲಿ 97 ಇದ್ದರೂ 108ಕ್ಕೆ ಕರೆ ಮಾಡಿ.