ಸರ್ಕಾರಿ ವೆಬ್‌ಸೈಟ್ ಜನರಿಗೆ ಒಗ್ಗುತ್ತದಾ? ರಾತ್ರಿ ಹೊತ್ತು ಮೆಷಿನ್ ಕೈಲಿ ನೋಡಿಸಿ

ಪರೀಕ್ಷೆಯನ್ನು ಹೋಮ್ ಪೇಜಿನಿಂದ ಶುರು ಮಾಡಬೇಡಿ. ಸರ್ಕಾರಿ ಸೈಟಿಗೆ ಯಾರೂ ಸುಮ್ನೆ ನೋಡೋಕೆ ಬರುವುದಿಲ್ಲ, ಅರ್ಜಿ ಹಾಕೋಕೆ, ಹಾಕಿದ ಅರ್ಜಿ ಎಲ್ಲಿಗೆ ಬಂತು ಅಂತ ನೋಡೋಕೆ, ಯಾವುದೋ ಫಾರಂ ಇಳಿಸಿಕೊಳ್ಳೋಕೆ ಬರುತ್ತಾರೆ. ಕೌಂಟರಿನಲ್ಲಿ ಕೂರುವವರನ್ನು ಕೇಳಿ, ಜನ ಜಾಸ್ತಿ ಬರುವುದು ಯಾವ ಮೂರು ಕೆಲಸಕ್ಕೆ ಅಂತ. ಅಷ್ಟು ಸಾಕು.

ಆ ಕೆಲಸಗಳ ಪುಟವನ್ನು ಕ್ರೋಮ್‌ನಲ್ಲಿ ತೆರೆದು ಎಫ್12 ಒತ್ತಿ, ಪುಟವನ್ನು ಪರೀಕ್ಷಿಸಿ ನೂರಕ್ಕೆ ಅಂಕ ಕೊಡುವ ಲೈಟ್‌ಹೌಸ್‌ಗೆ ಹೋಗಿ, ಮೊಬೈಲ್ ಅಂತ ಇಟ್ಟು ಓಡಿಸಿ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ನಿಧಾನದ 4ಜಿಯಲ್ಲಿ ಪುಟ ಎಷ್ಟು ಹೊತ್ತಿಗೆ ಬರುತ್ತದೆ ಅಂತ ಅದೇ ಲೆಕ್ಕ ಹಾಕುತ್ತದೆ. ಹಾಸನದ ಕಚೇರಿಯ ವೈಫೈನಲ್ಲಿ ಪಟ್ ಅಂತ ಬರುವ ಪುಟ ಜುಲೈ ಮಳೆಯಲ್ಲಿ ಸಕಲೇಶಪುರದ ತೋಟದ ಮನೆಗೂ ಹಾಗೇ ಬರಬೇಕಲ್ವಾ?

ಆಮೇಲೆ ಪ್ಲೇರೈಟ್. ಇದೊಂದು ಟೂಲ್, ಜನ ಮಾಡುವ ಹಾಗೆ ತಾನೇ ಬ್ರೌಸರ್ ತೆರೆದು, ಒತ್ತಿ, ತುಂಬಿ, ಸಲ್ಲಿಸುತ್ತದೆ. ಆ ಮೂರು ಕೆಲಸಕ್ಕೆ ಮೂರು ಸ್ಕ್ರಿಪ್ಟ್ (ಅದು ಏನೇನು ಮಾಡಬೇಕು ಅನ್ನುವ ಚಿಕ್ಕ ಪ್ರೋಗ್ರಾಂ) ಬರೆದು, ಅಂಗವಿಕಲರಿಗೆ ತೊಡಕಾಗುವ ತಪ್ಪು ಹುಡುಕುವ ಆಕ್ಸ್ ಅನ್ನುವ ಟೂಲನ್ನು ಪ್ರತಿ ಹಂತದಲ್ಲೂ ಓಡಿಸಿ. ಹೆಸರಿಲ್ಲದ ಪೆಟ್ಟಿಗೆ, ವಿವರಣೆಯಿಲ್ಲದ ಚಿತ್ರ, ಮಂಕಾದ ಅಕ್ಷರ ಎಲ್ಲ ಸಿಗುತ್ತವೆ. ಸರ್ಕಾರಿ ಸೈಟುಗಳ ಜಿಐಜಿಡಬ್ಲ್ಯೂ ಮಾರ್ಗಸೂಚಿ 2009ರಿಂದ ಇದೆ, ಅದರ 3.0 ಆವೃತ್ತಿ ನೆಚ್ಚಿಕೊಂಡಿರುವುದು ಅಂಗವಿಕಲರಿಗೂ ಸೈಟ್ ಒಗ್ಗಬೇಕು ಅಂತ ಇರುವ ಅಂತರರಾಷ್ಟ್ರೀಯ ಮಾನದಂಡ ಡಬ್ಲ್ಯೂಸಿಎಜಿ 2.1ನ್ನು. ಮಾಮೂಲಿ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ 4.5:1 ವ್ಯತ್ಯಾಸ ಬೇಕು ಅನ್ನುವ ಲೆಕ್ಕ ಬಂದಿದ್ದು ಅಲ್ಲಿಂದಲೇ.

ಒಟಿಪಿ, ಕ್ಯಾಪ್ಚಾ ಬಂದ ಕಡೆ ಸ್ಕ್ರಿಪ್ಟ್ ನಿಂತುಬಿಡುತ್ತದೆ. ಅಡ್ಡದಾರಿ ಹುಡುಕಬೇಡಿ. ಅವೆರಡೂ ಇಲ್ಲದ ಪರೀಕ್ಷಾ ಸೈಟ್ ಕೇಳಿ ಪಡೆಯಿರಿ, ಅಲ್ಲೂ ಸುಳ್ಳು ಹೆಸರು ಸುಳ್ಳು ನಂಬರ್ ಮಾತ್ರ ತುಂಬಿ.

ಕನ್ನಡದ ತಾಪತ್ರಯ ಬೇರೆಯೇ ಇದೆ, ಇದನ್ನು ಯಾವ ರೆಡಿಮೇಡ್ ಟೂಲೂ ಸರಿಯಾಗಿ ಹಿಡಿಯುವುದಿಲ್ಲ. ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಸುತ್ತೋಲೆ ಕಣ್ಣಿಗೆ ಕನ್ನಡವಾಗಿ ಕಂಡರೂ, ಒಳಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಹುಡುಕಿದರೆ ಸಿಗದು, ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ಸ್ಕ್ರೀನ್ ರೀಡರ್ ಓದಲಾರದು. ಪಿಡಿಎಫ್‌ನಿಂದ ಪಠ್ಯ ತೆಗೆದು, ಅದರಲ್ಲಿ ಯೂನಿಕೋಡ್ ಕನ್ನಡ, ಅಂದರೆ ಕಂಪ್ಯೂಟರಿಗೂ ಕನ್ನಡವೇ ಆಗಿ ಕಾಣುವ ಅಕ್ಷರ, ಎಷ್ಟಿದೆ ಅಂತ ಎಣಿಸುವ ಹತ್ತು ಸಾಲಿನ ಸ್ಕ್ರಿಪ್ಟ್ ಬರೆದರೆ ಸಾಕು, ಎಲ್ಲ ಬಯಲಾಗುತ್ತದೆ. ಇನ್ನೊಂದು, ಸಾಲಿನ ಎತ್ತರ ಕಮ್ಮಿಯಾಗಿ ಒತ್ತಕ್ಷರ ಕತ್ತರಿಸಿಹೋಗುವುದು. ಚಿಕ್ಕಮಗಳೂರು ಹೋಗಿ ಚಿಕಮಗಳೂರು ಆಗಿಬಿಡುತ್ತದೆ! ಸರಿಯಾಗಿರುವ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಪ್ಲೇರೈಟ್‌ನಲ್ಲೇ ಹೋಲಿಸಿ.

ಎಲ್ಲವನ್ನೂ ರಾತ್ರಿ ಎರಡಕ್ಕೆ ಓಡುವ ಹಾಗೆ ಇಡಿ. ವರದಿಯಲ್ಲಿ ಹೊಸ ತಪ್ಪು ಮಾತ್ರ ಬರಲಿ, ದಿನಾ 200 ಸಾಲು ಕಳಿಸಿದರೆ ಯಾರೂ ತೆರೆಯುವುದಿಲ್ಲ.

ತಿಂಗಳಿಗೊಮ್ಮೆ ಮಾತ್ರ ನಾಲ್ಕೈದು ಜನರನ್ನು ಕೂರಿಸಿ, ಅವರದೇ ಫೋನ್ ಕೊಟ್ಟು, ನೀವು ಬಾಯಿ ಮುಚ್ಚಿಕೊಂಡು ನೋಡಿ. ಇದು ಕಷ್ಟ, ನನಗೂ ಕಷ್ಟ. ಒಂದು ಫಾರಂಗೆ ಲೈಟ್‌ಹೌಸ್ 94 ಕೊಟ್ಟಿತ್ತು, ನಾನು ಖುಷಿಯಾಗಿದ್ದೆ. ಮೂಡಿಗೆರೆ ಕಡೆಯ ಹಿರಿಯರೊಬ್ಬರು ಹುಟ್ಟಿದ ದಿನಾಂಕಕ್ಕೆ ಬಂದವರು ಅಲ್ಲೇ ನಿಂತರು. 1958ಕ್ಕೆ ಹೋಗಲು ಕ್ಯಾಲೆಂಡರಿನಲ್ಲಿ ಒಂದೊಂದೇ ತಿಂಗಳು ಹಿಂದಕ್ಕೆ ಒತ್ತಬೇಕಿತ್ತು, ಹತ್ತಿರ ಹತ್ತಿರ 800 ಸಲ. ಅವರು ಇಪ್ಪತ್ತು ಸಲ ಒತ್ತಿ, ಫೋನ್ ಮಡಿಲಲ್ಲಿಟ್ಟು, "ನಾಳೆ ಮಗ ಬರ್ತಾನೆ, ಅವ್ನೇ ಮಾಡ್ತಾನೆ ಬಿಡಿ" ಅಂದರು.

ಅವತ್ತು ಸಂಜೆಯೇ ಇನ್ನೊಂದು ಸ್ಕ್ರಿಪ್ಟ್ ಸೇರಿಸಿದೆ. 1958 ಅಂತ ನೇರವಾಗಿ ಟೈಪ್ ಮಾಡಿದರೆ ಪೆಟ್ಟಿಗೆ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಫೇಲ್.